ಗಂಟಲೊಳಗಿನ ಕನ್ನಡಿ

ಮಾತಿನಿಂದಲೇ ಹೊಟ್ಟೆ ಹೊರೆಯುವವರಿಗೆ ಗಂಟಲೇ ಬಂಡವಾಳ. ಒಕ್ಕಲಿಗನಿಗೆ ಎತ್ತು ಹೇಗೋ ಮೇಷ್ಟರಿಗೆ ಗಂಟಲು ಹಾಗೆ. ನೆಗಡಿಯಿಂದ ಕೆಟ್ಟ ಗಂಟಲು ಸಾಮಾನ್ಯವಾಗಿ ವಾರದೊಳಗೆ ತಾನಾಗಿಯೇ ಸರಿಹೋಗುತ್ತದೆ. ಕೀರ್ತಿ ಮಾತ್ರ ಮೆಣಸಿನ ಕಷಾಯಕ್ಕೆ ಸಲ್ಲುತ್ತದೆ. ಆದರೆ ತಿಂಗಳಾದರೂ ಬಿಡದ ನೋವಿನ, ಒಡೆದ ದನಿಯ ಕಥೆಯೇ ಬೇರೆ. ಅದರ ಕಾರಣ ಹುಡುಕಲು ವೈದ್ಯರಿಗೆ ಬಹುಕಾಲ ಒಂದು ದೊಡ್ಡ ಅಡ್ಡಿಯಿತ್ತು. ಗಂಟಲು ಬಾಯಿಯ ಹಿಂದೆ ಬಾಗಿ ಕೆಳಗಿಳಿಯುತ್ತದೆ. ಕಣ್ಣಿನ ನೋಟವಾದರೋ ಬಾಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೇನೆಗೆ 'ಪಾದ್ರಿಗಳ ಗಂಟಲುಬೇನೆ' ಎಂಬ ಹೆಸರೂ ಇತ್ತು. ನ್ಯೂಯಾರ್ಕಿನ ವೈದ್ಯ ಹೊರೇಸ್ ಗ್ರೀನ್ 1846ರಲ್ಲಿ ಇದನ್ನು ಕುರಿತು ಗ್ರಂಥ ಬರೆದನು. ಬಾಗಿದ ಕಡ್ಡಿಯ ತುದಿಯ ಸ್ಪಂಜನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಧ್ವನಿಪೆಟ್ಟಿಗೆಯೊಳಕ್ಕೇ ಸವರುತ್ತೇನೆಂದನು. ಅನೇಕ ವೈದ್ಯರು ನಂಬಲಿಲ್ಲ. ಒಳಗೆ ಹೋಯಿತೋ ಇಲ್ಲವೋ, ಕಂಡವರು ಯಾರು?

ಕಂಡವನು ವೈದ್ಯನಲ್ಲ, ಸಂಗೀತದ ಮೇಷ್ಟರು. ಮ್ಯಾನುಯೆಲ್ ಗಾರ್ಸಿಯಾ 1805ರಲ್ಲಿ ಹುಟ್ಟಿದವನು. ಪ್ರಸಿದ್ಧ ಗಾಯಕನ ಮಗ. ಎಳೆಯ ವಯಸ್ಸಿನಲ್ಲೇ ಕಂಠ ಕೆಟ್ಟು, ರಂಗಭೂಮಿ ಬಿಟ್ಟು, ಹಾಡು ಕಲಿಸಲು ನಿಂತನು. ದನಿ ಎಲ್ಲಿ ಹೇಗೆ ಹುಟ್ಟುತ್ತದೆಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. 1854ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ಅಡ್ಡಾಡುತ್ತಿದ್ದಾಗ, ಕಿಟಕಿಯ ಗಾಜುಗಳ ಮೇಲೆ ಬಿಸಿಲು ಥಳಥಳಿಸಿದ್ದನ್ನು ಕಂಡು ಒಂದು ಉಪಾಯ ಹೊಳೆಯಿತು. ಶಸ್ತ್ರೋಪಕರಣ ಮಾಡುವ ಶಾರಿಯೇರನ ಅಂಗಡಿಯಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಆರು ಫ್ರಾಂಕಿಗೆ ಕೊಂಡನು. ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಒರಸಿ, ಕಿರುನಾಲಗೆಗೆ ತಾಗಿಸಿ, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿದನು. ತನ್ನದೇ ಧ್ವನಿತಂತುಗಳು ಅವನ ಕಣ್ಣೆದುರಿಗೆ ತೆರೆದು ನಿಂತವು.

ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಇದು ವರದಿಯಾಯಿತು. ವಿಯೆನ್ನಾದ ಟ್ಯೂರ್ಕ್ 1857ರಲ್ಲಿ ಕನ್ನಡಿಯನ್ನು ರೋಗಿಗಳ ಮೇಲೆ ಪ್ರಯೋಗಿಸಿದನು. ಚಳಿಗಾಲ ಬಂದು ಬಿಸಿಲು ಕೈಕೊಟ್ಟಿತು. ಅವನಿಂದ ಕನ್ನಡಿಗಳನ್ನು ಎರವು ಪಡೆದ ಚೆರ್ಮಾಕ್ ದೀಪದ ಬೆಳಕನ್ನು ಬಳಸಿಕೊಂಡನು. ಕ್ಷಯದ ಹುಣ್ಣು, ತಂತುಗಳ ಗಂಟು, ಬರಿಯ ಊತ, ಎಲ್ಲವೂ ಬೇರೆ ಬೇರೆಯಾಗಿ ಕಾಣತೊಡಗಿದವು.

ಕಂಡ ಮಾತ್ರಕ್ಕೆ ತಿಳಿಯಿತೆ? ಜರ್ಮನಿಯ ಯುವರಾಜ ಫ್ರೆಡರಿಕ್‌ಗೆ 1887ರ ಜನವರಿಯಲ್ಲಿ ದನಿ ಒಡೆಯಿತು. ಧ್ವನಿತಂತುವಿನ ಮೇಲೆ ಗಂಟು ಕಂಡಿತು. ಗೆರ್ಹಾರ್ಟ್ ಎಂಬ ವೈದ್ಯ ಕಾದ ತಂತಿಯಿಂದ ಅದನ್ನು ಸುಟ್ಟನು. ಅದು ಮತ್ತೆ ಬೆಳೆಯಿತು. ಬರ್ಗ್‌ಮನ್ ಶಸ್ತ್ರಚಿಕಿತ್ಸೆಯಾಗಬೇಕೆಂದನು. ಲಂಡನ್ನಿನಿಂದ ಬಂದ ಮೆಕೆಂಝಿ ಮೊದಲು ಚೂರೊಂದನ್ನು ಪರೀಕ್ಷಿಸಬೇಕೆಂದನು. ಸೂಕ್ಷ್ಮದರ್ಶಕದಲ್ಲಿ ನೋಡಿದ ಮಹಾವಿದ್ವಾಂಸ ವಿರ್ಚೋಗೆ ಆ ಚೂರುಗಳಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ನಿಂತಿತು. ನವೆಂಬರಿನ ಹೊತ್ತಿಗೆ ಕ್ಯಾನ್ಸರೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. 1888ರ ಫೆಬ್ರವರಿಯಲ್ಲಿ ಉಸಿರಿಗಾಗಿ ಕೊರಳಿಗೆ ರಂಧ್ರ ಮಾಡಿದರು. ಮಾರ್ಚಿನಲ್ಲಿ ತಂದೆ ತೀರಿಕೊಂಡು ಸಿಂಹಾಸನ ಬಂದಾಗ ಚಕ್ರವರ್ತಿಗೆ ದನಿಯಿರಲಿಲ್ಲ. ಅಪ್ಪಣೆಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದನು. 99 ದಿನ ಆಳಿ ಜೂನ್ 15ರಂದು ಮಡಿದನು. ಪಟ್ಟಕ್ಕೆ ಬಂದ ಮಗನೇ ಮೊದಲ ಮಹಾಯುದ್ಧದ ಕಾಲದ ಕೈಸರ್.

ಯಾರ ತಪ್ಪು ಎಂದು ವೈದ್ಯರು ಬಹುಕಾಲ ಕಾದಾಡಿದರು. ನಮಗೆ ಉಳಿಯುವ ಪಾಠ ಸಣ್ಣದು: ಒಮ್ಮೆ ನೋಡಿದರೆ ಸಾಲದು, ಬೇನೆ ಬಿಡದಿದ್ದರೆ ಮತ್ತೆ ನೋಡಬೇಕು. ಹೊಗೆಸೊಪ್ಪು, ಹೊಟ್ಟೆಯಿಂದ ಮೇಲೇರುವ ಹುಳಿ, ದೂಳು, ದನಿಯ ಅತಿ ದುಡಿಮೆ, ಕ್ಷಯ, ಕ್ಯಾನ್ಸರ್ ಹೀಗೆ ಕಾರಣಗಳು ಹಲವು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ದನಿ ಒಡೆದು ಮೂರು ವಾರ ಮೀರಿದರೆ ಕಷಾಯವನ್ನು ಬದಿಗಿಟ್ಟು ವೈದ್ಯರ ಮುಂದೆ ಬಾಯಿ ತೆರೆಯುವುದೇ ವಿವೇಕ.

ಗಾರ್ಸಿಯಾ 1906ರವರೆಗೆ, 101 ವರ್ಷ ಬಾಳಿದನು. ಅವನ ನೂರನೆಯ ಹುಟ್ಟುಹಬ್ಬವನ್ನು ಲಂಡನ್ನಿನಲ್ಲಿ ವೈದ್ಯರೂ ಗಾಯಕರೂ ಕೂಡಿ ಆಚರಿಸಿದರು. ತನ್ನ ಕೆಟ್ಟ ಕಂಠವನ್ನು ಶಪಿಸುತ್ತ ಕೂತಿದ್ದರೆ ಆ ಕನ್ನಡಿಯನ್ನು ಅವನು ಕೊಳ್ಳುತ್ತಲೇ ಇರಲಿಲ್ಲವೇನೋ.