ಸಿಡಿಲ ಕಲ್ಲೋ, ಕೊಡಲಿಯೋ?

ಬಳ್ಳಾರಿಯ ಸುತ್ತಣ ಗುಡ್ಡಗಳ ತಪ್ಪಲಿನಲ್ಲಿ, ಮಳೆ ಹೊಯ್ದು ಮಣ್ಣು ತೊಳೆದುಹೋದ ಬಳಿಕ, ಅಂಗೈಯಷ್ಟು ದೊಡ್ಡದಾದ ಕಪ್ಪು ಕಲ್ಲೊಂದು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಅದರ ಒಂದು ತುದಿ ಕಿರಿದು. ಇನ್ನೊಂದು ತುದಿ ಅಗಲವಾಗಿ ಬಾಗಿದ ಅಲಗು. ಮೈ ನುಣುಪಾಗಿದೆ. ರಂಧ್ರವಿಲ್ಲ, ಹಿಡಿಯಿಲ್ಲ. ಅದು ಏತಕ್ಕೆ ಬಂದೀತೆಂಬುದು ನೋಡಿದವನಿಗೆ ಕೂಡಲೆ ಹೊಳೆಯದು.

ಇಂತಹ ಕಲ್ಲುಗಳು ಸಿಡಿಲಿನೊಡನೆ ಆಕಾಶದಿಂದ ಬಿದ್ದವೆಂಬ ನಂಬಿಕೆಯು ಯೂರೋಪಿನಿಂದ ಪೂರ್ವದೇಶಗಳವರೆಗೆ ಬಹುಕಾಲ ಹಬ್ಬಿದ್ದಿತು. ಗುಡುಗುಮಳೆಯ ಮರುದಿನ ನೆಲದ ಮೇಲೆ ಕಾಣಿಸಿಕೊಂಡ ವಸ್ತುವನ್ನು ಸಿಡಿಲಿಗೆ ಸೇರಿಸಿದ ಜನರನ್ನು ಕೇವಲ ಮೂಢರೆಂದು ನಗುವುದು ನ್ಯಾಯವಲ್ಲ. ಬುಂದೇಲಖಂಡದ ಬಾಂದಾ ಪ್ರಾಂತದಲ್ಲಿ ಇವು ಅರಳಿಯ ಮರದಡಿ ದೇವರ ಕಲ್ಲುಗಳ ನಡುವೆ ಸ್ಥಾನವನ್ನೂ ಪಡೆದಿದ್ದವು.

ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟರು 1863ನೆಯ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಇವಕ್ಕಿಂತ ಅತ್ಯಂತ ಪ್ರಾಚೀನವಾದ ಶಿಲಾಯುಧವೊಂದನ್ನು ಗುರುತಿಸಿ ಹೆಸರಾದವರು. ಅನಂತರ ಅವರು ಬಳ್ಳಾರಿಯ ಸೀಮೆಯನ್ನೂ ಸುತ್ತಿದರು. ಕುಪ್ಪಗಲ್ಲಿನ ಗುಡ್ಡದಲ್ಲಿ ಅವರಿಗೆ ದೊರೆತವು ಪೂರ್ಣವಾದ ಅಲಗುಗಳಷ್ಟೇ ಅಲ್ಲ. ಅರೆಬರೆ ಕೆತ್ತಿದವು, ಕೆತ್ತುವಾಗ ಮುರಿದವು, ಚಕ್ಕೆಗಳ ರಾಶಿ. ವಾದವು ಇಲ್ಲಿಗೆ ಮುಗಿಯಿತೆನ್ನಬಹುದು. ಆಕಾಶದಿಂದ ಬೀಳುವ ವಸ್ತುವು ಅರ್ಧ ಕೆಲಸವಾಗಿ ಬೀಳಲಾರದು. ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು.

ಈ ಗುಡ್ಡಗಳ ಕಣಶಿಲೆಯನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟೆಗಳು ಹಾಯ್ದಿವೆ. ಕೆಲಸಗಾರನು ಆ ಕಲ್ಲಿನ ತುಂಡನ್ನು ಇನ್ನೊಂದು ಕಲ್ಲಿನಿಂದ ಬಡಿದು ಚಕ್ಕೆಯೆಬ್ಬಿಸಿ ಆಕಾರಕ್ಕೆ ತಂದನು. ಉಳಿದ ಏಣುಗಳನ್ನು ಸಣ್ಣ ಪೆಟ್ಟುಗಳಿಂದ ಕುಟ್ಟಿ ತಗ್ಗಿಸಿದನು. ಕಡೆಗೆ ಬಂಡೆಯ ಮೇಲೆ ಉಜ್ಜಿ ಸಾಣೆ ಹಿಡಿದನು. ಹೀಗೆ ಉಜ್ಜಿ ಉಜ್ಜಿ ಬಂಡೆಗಳಲ್ಲಿ ಬಿದ್ದ ನೀಳವಾದ ಗುಳಿಗಳನ್ನು ಸಂಗನಕಲ್ಲಿನ ಸುತ್ತ ನೋಡಬಹುದು.

ಇದನ್ನು ಕೊಡಲಿಯೆಂದು ಒಪ್ಪಲು ಮನಸ್ಸು ಹಿಂದೆಗೆಯುವುದು ರಂಧ್ರವಿಲ್ಲದ ಕಾರಣದಿಂದ. ಈಗಿನ ಕಬ್ಬಿಣದ ಕೊಡಲಿಯ ರಂಧ್ರದೊಳಕ್ಕೆ ಕಾವು ಹೊಗುತ್ತದೆ. ಆಗ ಕೊಡಲಿಯೇ ಕಾವಿನೊಳಕ್ಕೆ ಹೊಕ್ಕಿತು. ಕಿರಿದಾದ ತುದಿಯು ಮರದ ಸಂದಿನಲ್ಲಿ ಪ್ರತಿಯೊಂದು ಏಟಿಗೂ ಬಿಗಿಯಾಗುತ್ತಿದ್ದಿತು. ನಮ್ಮ ದೇಶದ ಮಣ್ಣಿನಲ್ಲಿ ಆ ಮರವು ಕೊಳೆತುಹೋಯಿತು. ಸ್ವಿಟ್ಜರ್ಲೆಂಡಿನ ಸರೋವರಗಳಲ್ಲಿ ಮಾತ್ರ, 1854ರ ಸುಮಾರಿಗೆ ನೀರು ತಗ್ಗಿದಾಗ ಬೆಳಕಿಗೆ ಬಂದ ನೆಲೆಗಳ ಕೆಸರಿನಲ್ಲಿ, ಅಂತಹ ಕಾವುಗಳು ಉಳಿದಿದ್ದವು.

ಆದರೆ ಎಲ್ಲವೂ ಕೊಡಲಿಗಳಲ್ಲ. ಅಲಗನ್ನು ಬದಿಯಿಂದ ನೋಡಿದಾಗ ಎರಡು ಕಡೆಯೂ ಸಮನಾಗಿ ಇಳಿದಿದ್ದರೆ ಸಾಮಾನ್ಯವಾಗಿ ಅದು ಕೊಡಲಿ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಇಳಿಜಾರಾಗಿದ್ದರೆ ಬಾಚಿ, ಎಂದರೆ ಬಡಗಿಯು ಮರವನ್ನು ಕೆತ್ತುವ ಸಾಧನ. ರಷ್ಯದ ಸೆಮ್ಯೋನೊವರು 1957ರಲ್ಲಿ ಪ್ರಕಟಿಸಿದ ಗ್ರಂಥವು ಇದಕ್ಕಿಂತಲೂ ಸೂಕ್ಷ್ಮವಾದ ಪರೀಕ್ಷೆಯನ್ನು ಕಲಿಸಿತು. ಸೂಕ್ಷ್ಮದರ್ಶಕದಲ್ಲಿ ಕೊಡಲಿಯ ಬಾಯಿಯ ಸವೆತದ ಗೆರೆಗಳು ಓರೆಯಾಗಿ ಎರಡು ಮುಖಗಳಲ್ಲಿಯೂ ತೋರುವುವು. ಬಾಚಿಯಲ್ಲಿ ನೆಟ್ಟಗೆ, ಬಹುಮಟ್ಟಿಗೆ ಒಂದೇ ಮುಖದಲ್ಲಿ. ಕೈ ಬೀಸಿದ ರೀತಿಯು ಕಲ್ಲಿನಲ್ಲಿ ಬರೆದಿಟ್ಟಂತೆ ಉಳಿದಿದೆ.

ಇಂತಹ ಕಲ್ಲು ಮರವನ್ನು ಕಡಿದೀತೇ ಎಂಬ ಸಂಶಯವನ್ನು 1950ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ವಿದ್ವಾಂಸರು ಕಾಡಿನಲ್ಲೇ ಪರಿಹರಿಸಿದರು. ಕಬ್ಬಿಣದ ಕೊಡಲಿಯಂತೆ ಬಲವಾಗಿ ಬೀಸಿದಾಗ ಅಲಗು ಒಡೆಯಿತು. ಮೊಣಕೈ ಮಣಿಕಟ್ಟುಗಳಿಂದ ಚಿಕ್ಕ ಚಿಕ್ಕ ಏಟುಗಳನ್ನು ಹಾಕಿದಾಗ ಮರಗಳು ಉರುಳಿದವು.

ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರರು ನಡೆಸಿದ ಅಗೆತವು ಈ ಅಲಗುಗಳಿಗೆ ಕಾಲದ ಶ್ರೇಣಿಯಲ್ಲಿ ಸ್ಥಳವನ್ನು ಕೊಟ್ಟಿತು. ಸಂಗನಕಲ್ಲಿನ ಹಿರೇಗುಡ್ಡದ ಕಮ್ಮಟವು ಕ್ರಿಸ್ತಪೂರ್ವ 2ನೆಯ ಸಹಸ್ರಮಾನದಲ್ಲಿ ನಡೆಯುತ್ತಿದ್ದಿತೆಂದು ಈಚಿನ ಶೋಧನೆಗಳಿಂದ ತಿಳಿದಿದೆ. ಅಲಗುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಅವು ಹುಟ್ಟಿದ ಚಕ್ಕೆಯ ರಾಶಿಯನ್ನೂ ಉಜ್ಜಿದ ಬಂಡೆಯನ್ನೂ ಹಾಗೆ ಸಾಗಿಸಲಾಗದು. ಈ ಶತಮಾನದ ಆರಂಭದಲ್ಲಿ ಕಲ್ಲುಗಣಿಯ ಕೆಲಸವು ಆ ಗುಡ್ಡಗಳವರೆಗೂ ಬಂದು, ಕೆಲವು ನೆಲೆಗಳನ್ನು ಹಾಳುಮಾಡಿತು.