ವಿಧಾನಮಂಡಲದ ನೌಕರನಿಗೆ ನ್ಯಾಯದ ಬಾಗಿಲು ಯಾವುದು?

ನಮ್ಮ ಬಿಟಿಎಂ ಲೇಔಟಿನ ಉದ್ಯಾನದಲ್ಲಿ ಸಂಜೆ ಸೇರುವ ನಿವೃತ್ತ ನೌಕರರ ಮಾತಿನಲ್ಲಿ ಪಿಂಚಣಿಯನ್ನು ಬಿಟ್ಟರೆ ಹೆಚ್ಚು ಕೇಳಿಬರುವ ಹೆಸರು 'ಕೆಎಟಿ', ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಕೆಳಗಿಳಿಯಿತೆಂದೋ ಬಡ್ತಿ ಕೈತಪ್ಪಿತೆಂದೋ ಅಲ್ಲಿಗೆ ಅಲೆದವರು ಕಡಿಮೆಯಿಲ್ಲ. ಆದರೆ ವಿಧಾನಸೌಧದಲ್ಲಿಯೇ ಕುಳಿತು ಸದನದ ನಡಾವಳಿಯನ್ನು ಬರೆದುಕೊಳ್ಳುವ ವರದಿಗಾರನಿಗೂ ಕಡತ ಹೊರುವ ದಲಾಯತನಿಗೂ ಆ ಬಾಗಿಲು ತೆರೆಯುವುದಿಲ್ಲ. 1985ರ ಆಡಳಿತ ನ್ಯಾಯಮಂಡಳಿಗಳ ಅಧಿನಿಯಮವು ತನ್ನ 2ನೆಯ ಪ್ರಕರಣದಲ್ಲಿ ಸೈನಿಕರನ್ನು, ನ್ಯಾಯಾಲಯಗಳ ಸಿಬ್ಬಂದಿಯನ್ನು ಹೊರಗಿಟ್ಟಂತೆ ಸಂಸತ್ತಿನ ಮತ್ತು ರಾಜ್ಯ ವಿಧಾನಮಂಡಲಗಳ ಸಚಿವಾಲಯದ ನೌಕರರನ್ನೂ ಹೊರಗಿಟ್ಟಿದೆ.

ಇದರ ಬೇರು ಸ್ವಾತಂತ್ರ್ಯಪೂರ್ವದ ದೆಹಲಿಯಲ್ಲಿದೆ. ಸರ್ದಾರ್ ಪಟೇಲರ ಅಣ್ಣ ವಿಠ್ಠಲಭಾಯಿ ಪಟೇಲರು 1925ರಲ್ಲಿ ಕೇಂದ್ರ ಶಾಸನಸಭೆಯ ಅಧ್ಯಕ್ಷರಾದಾಗ, ಸಭೆಯ ಸಿಬ್ಬಂದಿ ಸರ್ಕಾರದ ಇಲಾಖೆಯ ಅಧೀನದಲ್ಲಿದ್ದರು. ಸರ್ಕಾರವನ್ನು ಪ್ರಶ್ನಿಸಬೇಕಾದ ಸಭೆಯ ಗುಮಾಸ್ತನಿಗೆ ಸರ್ಕಾರವೇ ಒಡೆಯ! ವಿಠ್ಠಲಭಾಯಿಯವರು ಇದನ್ನು ಒಪ್ಪಲಿಲ್ಲ. 1928ರ ಸೆಪ್ಟೆಂಬರ್ 22ರಂದು ಮೋತಿಲಾಲ್ ನೆಹರೂ ಅವರು ಮಂಡಿಸಿದ ನಿರ್ಣಯವನ್ನು ಸಭೆ ಅಂಗೀಕರಿಸಿತು. 1929ರ ಜನವರಿ 10ರಂದು ಪ್ರತ್ಯೇಕ ಶಾಸನಸಭಾ ಇಲಾಖೆ ಹುಟ್ಟಿತು. ನಮ್ಮ ಸಂವಿಧಾನದ 98 ಮತ್ತು 187ನೆಯ ಅನುಚ್ಛೇದಗಳು ಅದೇ ತತ್ತ್ವವನ್ನು ಉಳಿಸಿಕೊಂಡಿವೆ. ರಾಜ್ಯದಲ್ಲಿ ಈ ನೌಕರರ ಸೇವಾ ಷರತ್ತುಗಳನ್ನು ವಿಧಾನಮಂಡಲವು ಕಾನೂನಿನ ಮೂಲಕ ಗೊತ್ತುಪಡಿಸಬಹುದು. ಅಲ್ಲಿಯವರೆಗೆ ಸಭಾಧ್ಯಕ್ಷರೊಡನೆ ಅಥವಾ ಸಭಾಪತಿಯವರೊಡನೆ ಸಮಾಲೋಚಿಸಿ ರಾಜ್ಯಪಾಲರು ನಿಯಮ ರಚಿಸಬಹುದು.

ಸದನವನ್ನು ಕಾಪಾಡಲು ಎತ್ತಿದ ಈ ಗೋಡೆಯೇ ನೌಕರನನ್ನು ಸಾಮಾನ್ಯ ನ್ಯಾಯಮಂಡಳಿಯಿಂದ ದೂರವಿಟ್ಟಿತು. ಹಾಗಾದರೆ ಅವನು ನಿರ್ಗತಿಕನೇ? ಅಲ್ಲ. 226ನೆಯ ಅನುಚ್ಛೇದದಡಿ ಅವನು ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಬಹುದು. ಏಕಸದಸ್ಯ ಪೀಠದಲ್ಲಿ ಸೋತರೆ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಹೋಗಬಹುದು. ವಿಧಾನಸೌಧದ ಎದುರಿಗಿರುವ ಅಠಾರಾ ಕಚೇರಿಯಲ್ಲಿ ಒಂದು ಕಾಲಕ್ಕೆ ಮೈಸೂರಿನ ಶಾಸನಸಭೆಯೇ ಸೇರುತ್ತಿತ್ತೆಂಬುದು ಇಲ್ಲಿ ನೆನಪಾಗುತ್ತದೆ.

ಸದನದ ನಡಾವಳಿಯನ್ನು ನ್ಯಾಯಾಲಯ ಪ್ರಶ್ನಿಸಬಾರದೆನ್ನುವ 212ನೆಯ ಅನುಚ್ಛೇದ ಅಡ್ಡ ಬರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಗುಮಾಸ್ತನ ಬಡ್ತಿ ಸದನದ ನಡಾವಳಿಯಲ್ಲ, ಅದು ಆಡಳಿತ. ಮಧ್ಯಪ್ರದೇಶ ವಿಧಾನಸಭಾ ಸಚಿವಾಲಯದ ಅಧಿಕಾರಿಗಳ ಮೇಲಿನ ದೂರನ್ನು ಲೋಕಾಯುಕ್ತವು ವಿಚಾರಿಸಿದ್ದೇ ಹಕ್ಕುಚ್ಯುತಿ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತಳ್ಳಿಹಾಕಿತು. ಕೆನಡಾದಲ್ಲಿ ಸಭಾಧ್ಯಕ್ಷರ ಕಾರು ಚಾಲಕನೊಬ್ಬನು ತನಗೆ ತಾರತಮ್ಯವಾಯಿತೆಂದು ದೂರಿದಾಗ ಸದನವು ತನ್ನ ವಿಶೇಷಾಧಿಕಾರವನ್ನು ಮುಂದೊಡ್ಡಿತು. ಎಲ್ಲ ನೌಕರರ ಮೇಲೂ ಅಂಥ ವಿಶೇಷಾಧಿಕಾರವಿಲ್ಲವೆಂದು 2005ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಸಂಸತ್ತಿನ ನೌಕರರಿಗೆಂದೇ ಇರುವ ಕಾಯ್ದೆಯ ದಾರಿಯಲ್ಲಿ ಹೋಗೆಂದೂ ಸೂಚಿಸಿತು.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯಕರ. ದೇಶಕ್ಕೆಲ್ಲ ಕಾರ್ಮಿಕ ಕಾನೂನು ಬರೆದ ಕಾಂಗ್ರೆಸ್ಸು ಅನೇಕ ಕಾನೂನುಗಳಿಂದ ತನ್ನನ್ನು ಹೊರಗಿಟ್ಟುಕೊಂಡಿತ್ತು. ಸಂಸದ ಓಟೊ ಪಾಸ್‌ಮನ್ ಆ ಹುದ್ದೆಗೆ ಗಂಡಸೇ ಬೇಕೆಂದು 1974ರಲ್ಲಿ ಮಹಿಳೆಯೊಬ್ಬರನ್ನು ಕೆಲಸದಿಂದ ತೆಗೆದರು. ಆಕೆ ಸಂವಿಧಾನವನ್ನೇ ಆಧರಿಸಿ ಪರಿಹಾರ ಕೇಳಬಹುದೆಂದು 1979ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಐದಕ್ಕೆ ನಾಲ್ಕು ಮತಗಳಿಂದ. 1995ರಲ್ಲಷ್ಟೇ ಕಾಂಗ್ರೆಸ್ಸು ತನ್ನ ನೌಕರರಿಗೂ ಆ ಕಾನೂನುಗಳನ್ನು ಅನ್ವಯಿಸಿತು. ಆಗಲೂ ದೂರು ಕೊಡುವವರು ಮೊದಲು ಆಪ್ತಸಮಾಲೋಚನೆ, ಮಧ್ಯಸ್ಥಿಕೆಗಳನ್ನು ದಾಟಲೇಬೇಕಿತ್ತು. ಆ ಕಡ್ಡಾಯ ಹೋದದ್ದು 2018ರ ತಿದ್ದುಪಡಿಯಿಂದ.

ನನ್ನ ಅಭಿಪ್ರಾಯದಲ್ಲಿ ನಮ್ಮ ನೌಕರನಿಗೆ ಸಿಕ್ಕಿರುವುದು ದೊಡ್ಡ ಬಾಗಿಲೇ. ಆದರೆ ಎಲ್ಲ ದೂರಿಗೂ ಹೊಂದುವ ಬಾಗಿಲಲ್ಲ. ರಿಟ್ ಅರ್ಜಿ ಸಾಮಾನ್ಯವಾಗಿ ಪ್ರಮಾಣಪತ್ರಗಳ ಮೇಲೆ ತೀರ್ಮಾನವಾಗುತ್ತದೆ, ಸಾಕ್ಷಿಗಳ ಪಾಟೀಸವಾಲು ಅಪರೂಪ. ನಿಯಮ ಮೀರಿದ ಆದೇಶವನ್ನು ಅಲ್ಲಿ ಸುಲಭವಾಗಿ ತೋರಿಸಬಹುದು; ಮುಚ್ಚಿದ ಕೋಣೆಯಲ್ಲಿ ಆಡಿದ ಅವಮಾನದ ಮಾತನ್ನು ತೋರಿಸುವುದು ಕಷ್ಟ. ವಕೀಲರ ವೆಚ್ಚವನ್ನು ದಲಾಯತನ ಸಂಬಳದೊಡನೆ ತೂಗಿ ನೋಡಬೇಕು. 187ನೆಯ ಅನುಚ್ಛೇದವು ವಿಧಾನಮಂಡಲಕ್ಕೆ ಕಾನೂನು ಮಾಡುವ ಅಧಿಕಾರ ಕೊಟ್ಟಿರುವಾಗ, ಸರ್ಕಾರದ ಹಿಡಿತಕ್ಕೆ ಸಿಗದ ಒಂದು ಸ್ವತಂತ್ರ ಕುಂದುಕೊರತೆ ಮಂಡಳಿಯನ್ನು ಅದೇ ಕಾನೂನಿನಲ್ಲಿ ಸೇರಿಸಬಾರದೇಕೆ? ವಿಠ್ಠಲಭಾಯಿಯವರ ಗೋಡೆಗೆ ಅದರಿಂದ ಬಿರುಕು ಬೀಳುವುದಿಲ್ಲ.

ಅಲ್ಲಿಯವರೆಗೆ ಒಂದನ್ನು ಗಮನಿಸಬೇಕು. ಕೆಎಟಿಗೆ ಹೋಗುವವನಿಗೆ ಸಾಮಾನ್ಯವಾಗಿ ಅಂತಿಮ ಆದೇಶದಿಂದ ಒಂದು ವರ್ಷದ ಗಡುವುಂಟು. ರಿಟ್ ಅರ್ಜಿಗೆ ಹಾಗೆ ಬರೆದಿಟ್ಟ ಗಡುವಿಲ್ಲ. ಆದರೂ ಕಾರಣವಿಲ್ಲದೆ ತಡಮಾಡಿದ ಅರ್ಜಿಯನ್ನು ಆ ಒಂದೇ ಕಾರಣಕ್ಕೆ ವಜಾ ಮಾಡಬಹುದು.