ಬಿಡಿಸುವ ಕೈ ಯಾವುದು?

ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ವಿಂಡೋ ಎಳೆದರೆ ತೆವಳುತ್ತಾ ಬರುತ್ತದೆ, ವಿಡಿಯೊ ತಡವರಿಸುತ್ತದೆ, ಫ್ಯಾನು ಮಾತ್ರ ಬುಸುಗುಡುತ್ತದೆ ಎಂದಾಗ ಬಲ್ಲವರು ಮೊದಲು ನೋಡುವುದು ಯಂತ್ರದ ಶಕ್ತಿಯನ್ನಲ್ಲ. ಟರ್ಮಿನಲ್ ತೆರೆದು ‘ಜಿಎಲ್‌ಎಕ್ಸ್‌ಇನ್ಫೋ’ ಓಡಿಸಿ, ರೆಂಡರರ್ ಎಂಬ ಸಾಲಿನ ಮುಂದೆ ಯಾರ ಹೆಸರಿದೆ ಎಂದು ನೋಡುತ್ತಾರೆ. ಅಲ್ಲಿ ಚಿಪ್ಪಿನ ಹೆಸರಿನ ಬದಲು ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಅರ್ಧ ಕಾಯಿಲೆ ಗೊತ್ತಾದಂತೆ: ಗ್ರಾಫಿಕ್ಸ್ ಚಿಪ್ ಕೈಕಟ್ಟಿ ಕೂತಿದೆ, ಅದರ ಪಾಲಿನ ಕೂಲಿಯನ್ನೂ ಪ್ರೊಸೆಸರೇ ಮಾಡುತ್ತಿದೆ. ಫ್ಯಾನಿನ ಗದ್ದಲವೇ ಅದಕ್ಕೆ ಸಾಕ್ಷಿ. ಎಷ್ಟು ವೇಗ ಎಂದು ಕೇಳುವ ಮೊದಲು ಬಿಡಿಸುತ್ತಿರುವವರು ಯಾರು ಎಂದು ಕೇಳುವ ಈ ಪದ್ಧತಿಗೆ ಒಂದು ಚರಿತ್ರೆಯಿದೆ. ಅದನ್ನು ಓದಿದರೆ, ಲಿನಕ್ಸ್ ಪರದೆಯ ನಿಧಾನ ಬಹುಪಾಲು ದುರ್ಬಲ ಯಂತ್ರದ್ದೂ ಅಲ್ಲ, ಕೆಟ್ಟ ಪ್ರೋಗ್ರಾಮಿಂಗಿನದ್ದೂ ಅಲ್ಲ, ಕೆಲಸ ತಪ್ಪು ಕೈಗೆ ಬಿದ್ದದ್ದರ ಫಲ ಎಂದೇ ನನಗೆ ತೋರುತ್ತದೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಹಳೆಯದು, ಜನಪ್ರಿಯವೂ ಹೌದು: ತಪ್ಪೆಲ್ಲ ‘ಎಕ್ಸ್’ನದು. ಎಕ್ಸ್ ವಿಂಡೋ ವ್ಯವಸ್ಥೆ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯ ಅಥೀನಾ ಯೋಜನೆಯ ನೆರಳಿನಲ್ಲಿ. ಬಾಬ್ ಶೈಫ್ಲರ್ ಅದರ ಮುಖ್ಯ ಶಿಲ್ಪಿ. ಅದಕ್ಕೂ ಮುಂಚೆ ‘ಡಬ್ಲ್ಯೂ’ ಎಂಬ ವ್ಯವಸ್ಥೆಯಿತ್ತು. ಅದರ ಮುಂದಿನ ಅಕ್ಷರ ಇದರ ಹೆಸರಾಯಿತು. ಪ್ರೋಗ್ರಾಂ ಎಲ್ಲೋ ದೂರದ ಯಂತ್ರದಲ್ಲಿ ಓಡುತ್ತದೆ, ಚಿತ್ರ ಮಾತ್ರ ನಮ್ಮ ಮೇಜಿನ ಪರದೆಯಲ್ಲಿ ಮೂಡುತ್ತದೆ ಎಂಬುದು ಅದರ ಮೂಲ ಕಲ್ಪನೆ. 1987ರ ಎಕ್ಸ್11ರ ಚೌಕಟ್ಟು ಇದೇ. ಒಂದೇ ಡಬ್ಬಿಯೊಳಗೆ ಎಲ್ಲವೂ ಇರುವ ಲ್ಯಾಪ್‌ಟಾಪಿಗೆ ಈ ಅಂಚೆ ವ್ಯವಹಾರ ಏಕೆ ಎಂದು ಕೇಳುವುದು ಸಹಜ. ಆದರೆ ಅಂಚೆಯ ಹೊರೆಯನ್ನು ಇಳಿಸುವ ಉಪಾಯಗಳು ಬೇಗನೆ ಬಂದವು. ಪ್ರೋಗ್ರಾಂ ಮತ್ತು ಪರದೆ ನಡೆಸುವ ಸರ್ವರ್ ಎರಡೂ ಒಂದೇ ಯಂತ್ರದಲ್ಲಿದ್ದರೆ ಚಿತ್ರವನ್ನು ಹಂಚಿಕೊಂಡ ಮೆಮೊರಿಯಲ್ಲಿ ಇಟ್ಟು ಕೈಬದಲಿಸುವ ವಿಸ್ತರಣೆ ಅವುಗಳಲ್ಲೊಂದು. ಬ್ರಯಾನ್ ಪಾಲ್ 1993ರಲ್ಲಿ ಕೈಹಚ್ಚಿದ ‘ಮೆಸಾ’ ಎಂಬ ಗ್ರಾಫಿಕ್ಸ್ ತಂತ್ರಾಂಶ ಮೊದಮೊದಲು ಮೂರು ಆಯಾಮದ ಚಿತ್ರವನ್ನು ಬರೀ ಪ್ರೊಸೆಸರಿನ ಬಲದಿಂದ ಬಿಡಿಸುತ್ತಿತ್ತು. 2000ದಲ್ಲಿ ಎಕ್ಸ್‌ನ ಒಂದು ರೂಪವಾದ ಎಕ್ಸ್‌ಫ್ರೀ86ರ 4.0 ಆವೃತ್ತಿಯೊಂದಿಗೆ ಬಂದ ‘ಡಿಆರ್‌ಐ’ ಪ್ರೋಗ್ರಾಮಿಗೆ ಸರ್ವರನ್ನು ಬಳಸಿಹೋಗಿ ಕಾರ್ಡಿಗೆ ನೇರ ಕೆಲಸ ಒಪ್ಪಿಸುವ ದಾರಿ ತೆರೆಯಿತು. ಅಂದಮೇಲೆ ನಂತರದ ವರ್ಷಗಳ ನಿಧಾನವನ್ನೆಲ್ಲ 1984ರ ತಲೆಗೆ ಕಟ್ಟುವುದು ಅಜ್ಜನ ಮೇಲೆ ಮೊಮ್ಮಗನ ಸಾಲ ಹೊರಿಸಿದಂತೆ.

ನಿಜವಾದ ತಿರುವು 2006ರಲ್ಲಿ. ಅಲ್ಲಿಯವರೆಗೆ ಗ್ರಾಫಿಕ್ಸ್ ಡ್ರೈವರ್ ಕುಂಟಿದರೆ ಆಟ ಆಡುವವರಿಗೆ ಮಾತ್ರ ತೊಂದರೆ. ಪತ್ರ ಬರೆಯುವವರಿಗೆ, ಲೆಕ್ಕ ಇಡುವವರಿಗೆ ಅದರ ಸುದ್ದಿಯೇ ಇರಲಿಲ್ಲ. ಆ ವರ್ಷ ಡೇವಿಡ್ ರೆವೆಮನ್ ನಾವೆಲ್ ಸಂಸ್ಥೆಯಿಂದ ಹೊರತಂದ ‘ಕಾಂಪಿಜ್’ ಘನಾಕೃತಿಯಲ್ಲಿ ತಿರುಗುವ ಡೆಸ್ಕ್‌ಟಾಪು, ಎಳೆದರೆ ಜೆಲ್ಲಿಯಂತೆ ತೊನೆಯುವ ವಿಂಡೋಗಳನ್ನು ತೋರಿಸಿ ಎಲ್ಲರ ಕಣ್ಣು ಸೆಳೆಯಿತು. ಆಟಿಕೆಯಂತೆ ಕಂಡರೂ ಒಳಗೆ ನಡೆದದ್ದು ದೊಡ್ಡ ಬದಲಾವಣೆ. ಪ್ರತಿ ವಿಂಡೋವೂ ಚಿಪ್ ಜೋಡಿಸಬೇಕಾದ ಒಂದು ಚಿತ್ರಫಲಕವಾಯಿತು. 2011ರ ಗ್ನೋಮ್ 3 ಡೆಸ್ಕ್‌ಟಾಪು ಇದನ್ನು ಕಡ್ಡಾಯದ ಮಟ್ಟಕ್ಕೆ ತಂದಿತು. ಚಿಪ್ ಒದಗದ ಯಂತ್ರಗಳಿಗಿದ್ದ ಸರಳ ರೂಪವನ್ನೂ 2013ರ 3.8ರಲ್ಲಿ ಕೈಬಿಟ್ಟರು. ಅದರ ಜಾಗ ತುಂಬಿದ್ದೇ ಎಲ್‌ಎಲ್‌ವಿಎಂಪೈಪ್. ಅದು ಬಿಡಿಸುವುದು ಸರಿಯಾಗಿಯೇ, ಆದರೆ ಪ್ರೊಸೆಸರಿನ ಬೆವರಿನಿಂದ. ಮೊದಲಾದರೆ ಡ್ರೈವರ್ ಸೋತಾಗ ಪರದೆ ಕಪ್ಪಾಗುತ್ತಿತ್ತು, ಅಥವಾ ವಿಂಡೋಗಳು ಸಾದಾ ವೇಷದಲ್ಲಿ ಬರುತ್ತಿದ್ದವು. ಸೋಲು ಕಣ್ಣಿಗೆ ಕಾಣುತ್ತಿತ್ತು. ಈಗ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಬರೀ ನಿಧಾನ. ಈ ದಯೆಯೇ ರೋಗವನ್ನು ಮುಚ್ಚಿಡುತ್ತದೆ, ನೋವಿನ ಮಾತ್ರೆಯ ಹಾಗೆ.

ನನ್ನ ವಾದಕ್ಕೆ ಅತ್ಯಂತ ಗಟ್ಟಿ ಪುರಾವೆಯೂ ಅತ್ಯಂತ ತೊಡಕಿನ ಆಕ್ಷೇಪವೂ ಒಂದೇ ಘಟನೆಯಲ್ಲಿವೆ. 2009ರ ಏಪ್ರಿಲಿನಲ್ಲಿ ಬಂದ ಉಬುಂಟು 9.04ರಲ್ಲಿ ಇಂಟೆಲ್ ಚಿಪ್ಪಿನ ಲ್ಯಾಪ್‌ಟಾಪುಗಳು ಒಮ್ಮೆಲೇ ಮಂಕಾದವು. ಹಿಂದಿನ ಆವೃತ್ತಿಯಲ್ಲಿ ಚುರುಕಾಗಿದ್ದ ಅದೇ ಯಂತ್ರ, ಅದೇ ಎಕ್ಸ್11. ಬಿಡುಗಡೆಯ ಟಿಪ್ಪಣಿಯೇ ಈ ಕುಸಿತವನ್ನು ಒಪ್ಪಿಕೊಂಡಿತ್ತು. ಕಾರಣ, ಇಂಟೆಲ್ ಡ್ರೈವರ್ ಅರ್ಧ ದಾರಿಯಲ್ಲಿತ್ತು: ಗ್ರಾಫಿಕ್ಸ್ ಮೆಮೊರಿಯ ಯಜಮಾನಿಕೆ 2.6.28ನೆಯ ಕರ್ನೆಲ್‌ನಲ್ಲಿ ‘ಜೆಮ್’ ಎಂಬ ಹೊಸ ಏರ್ಪಾಡಿಗೆ ಬಂದಿತ್ತು, ವೇಗ ಕೊಡುವ ಹಳೆಯ ‘ಎಕ್ಸಾ’ ವಿಧಾನ ಇನ್ನೂ ಪಟ್ಟದಲ್ಲಿತ್ತು, ಹೊಸ ‘ಯುಎಕ್ಸ್ಎ’ ಬಲಿತಿರಲಿಲ್ಲ. ಬಳಕೆದಾರರು ಸೆಟ್ಟಿಂಗ್ ಕಡತದಲ್ಲಿ ಒಂದೊಂದೇ ಸಾಲು ತಿದ್ದಿದರು. ಕೆಲವರು ಹಳೆಯ 2.4ರ ಡ್ರೈವರನ್ನೇ ಮರಳಿ ತಂದರು. ಎಕ್ಸ್11ರ ಚೌಕಟ್ಟು ಬದಲಾಗದೆ, ಚಿಪ್ ಬದಲಾಗದೆ ವೇಗ ಮಾತ್ರ ಬದಲಾದದ್ದು ನನ್ನ ಮಾತಿಗೆ ಬಲ. ಆದರೆ ಇಂಟೆಲ್ ಡ್ರೈವರಿನ ಮೂಲ ಕೋಡ್ ಪೂರ್ತಿ ಮುಕ್ತವಾಗಿತ್ತಲ್ಲ, ಮುಚ್ಚಿಟ್ಟದ್ದೇನೂ ಇರಲಿಲ್ಲವಲ್ಲ, ಹಾಗಾದರೆ ಮುಕ್ತತೆಯಿಂದ ಬಂದ ಲಾಭವೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ಅದೇ ಕಾಲದ, ಅದೇ ಇಂಟೆಲ್‌ನ ಜಿಎಂಎ 500 ಚಿಪ್ಪನ್ನು ಪಕ್ಕದಲ್ಲಿಟ್ಟು ನೋಡಬೇಕು. ಪುಟ್ಟ ನೆಟ್‌ಬುಕ್‌ಗಳಲ್ಲಿ ಬಂದ ಅದರ ಹೊಟ್ಟೆಯಲ್ಲಿದ್ದದ್ದು ಇಮ್ಯಾಜಿನೇಷನ್ ಕಂಪನಿಯ ಪವರ್‌ವಿಆರ್. ಅದರ ಒಳಗುಟ್ಟು ಹೊರಗೆ ಬರಲಿಲ್ಲ. ಉಬುಂಟು 9.04ರ ತೊಂದರೆ ಅಕ್ಟೋಬರಿನ 9.10ರ ಹೊತ್ತಿಗೆ ಬಹುಮಟ್ಟಿಗೆ ಇಳಿಯಿತು. ಜಿಎಂಎ 500ಕ್ಕೆ ಮುಂದೆ ಕರ್ನೆಲ್‌ನಲ್ಲೇ ಮುಕ್ತ ಡ್ರೈವರ್ ಬಂದರೂ ಅದು ಪರದೆಯನ್ನು ಬೆಳಗಿಸಿತೇ ಹೊರತು ಮೂರು ಆಯಾಮದ ವೇಗ ಕೊಡಲಿಲ್ಲ. ಮುಕ್ತ ಡ್ರೈವರ್ ಕೆಡುವುದಿಲ್ಲ ಎಂದಲ್ಲ. ಕೆಟ್ಟರೆ ರಿಪೇರಿಗೆ ಕೈ ಹಾಕಲು ಜಾಗ ಇರುತ್ತದೆ.

ಎನ್‌ವಿಡಿಯಾದ ಮುಚ್ಚಿದ ಡ್ರೈವರ್ ವೇಗವಾಗಿಯೇ ಇತ್ತಲ್ಲ ಎಂಬ ಮಾತೂ ಇದೆ. ಮೇಜಿನ ಕಂಪ್ಯೂಟರಿನ ಮಟ್ಟಿಗೆ ಅದು ನಿಜ. ಲ್ಯಾಪ್‌ಟಾಪಿನಲ್ಲಿ 2010ರ ‘ಆಪ್ಟಿಮಸ್’ ಬಂದಾಗ ಆ ನಿಜ ಮುರಿಯಿತು. ಬ್ಯಾಟರಿ ಉಳಿಸಲೆಂದು ಒಂದೇ ಯಂತ್ರದಲ್ಲಿ ಎರಡು ಚಿಪ್: ಸಣ್ಣ ಕೆಲಸಕ್ಕೆ ಇಂಟೆಲ್, ದೊಡ್ಡದಕ್ಕೆ ಎನ್‌ವಿಡಿಯಾ. ಲಿನಕ್ಸಿಗೆ ಅವುಗಳ ನಡುವೆ ಕೆಲಸ ಹಂಚುವ ವಿದ್ಯೆಯನ್ನು ಕಂಪನಿ ಆಗ ಕೊಡಲಿಲ್ಲ. ಹಣ ಕೊಟ್ಟು ಕೊಂಡ ಚಿಪ್ ನಿದ್ದೆ ಹೋಗುತ್ತಿತ್ತು, ಇಲ್ಲವೇ ಕೆಲಸವಿಲ್ಲದೆಯೂ ಬ್ಯಾಟರಿ ಕುಡಿಯುತ್ತಿತ್ತು. ಆ ಖಾಲಿ ಜಾಗದಲ್ಲಿ ಹವ್ಯಾಸಿಗಳು 2011ರಲ್ಲಿ ‘ಬಂಬಲ್‌ಬೀ’ ಕಟ್ಟಿದರು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ತಪ್ಪಿ ಬಿದ್ದ ಒಂದೇ ಒಂದು ಖಾಲಿ ಜಾಗ ಕೆಲವರ ಯಂತ್ರದ ಯುಎಸ್‌ಆರ್ ಕೋಶವನ್ನೇ ಅಳಿಸಿಹಾಕಿತು. ಪರದೆ ಚುರುಕು ಮಾಡಲು ಹೋಗಿ ಇಡೀ ವ್ಯವಸ್ಥೆ ಕಳೆದುಕೊಂಡವರ ಪಾಡು ಆಮೇಲೆ ಬಹುಕಾಲ ನಗೆಯ ಸರಕಾಯಿತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಇದೇ ಆಪ್ಟಿಮಸ್ ಕುರಿತ ಪ್ರಶ್ನೆಗೆ ಉತ್ತರಿಸುತ್ತಾ ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಕ್ಯಾಮೆರಾದ ಕಡೆ ಮಧ್ಯದ ಬೆರಳು ತೋರಿಸಿದರು. ಒರಟುತನವೇ ಸರಿ, ಆದರೆ ಸಿಟ್ಟಿಗೆ ಆಧಾರವಿತ್ತು. ಬೇಕಾದ ಪ್ರೋಗ್ರಾಮನ್ನಷ್ಟೇ ದೊಡ್ಡ ಚಿಪ್ಪಿಗೆ ಒಪ್ಪಿಸುವ ಅನುಕೂಲ ಎನ್‌ವಿಡಿಯಾದ ಡ್ರೈವರಿಗೆ ಬಂದದ್ದು 2019ರಲ್ಲಿ. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ಮುಕ್ತವಾಗಿ ಹೊರತಂದಿತು. ಟ್ಯೂರಿಂಗ್ ಪೀಳಿಗೆಯ ಮತ್ತು ಅದರ ನಂತರದ ಚಿಪ್ಪುಗಳಿಗೆ ಮಾತ್ರ. ಬೆರಳು ತೋರಿಸಿದ ಕಾಲದ ಲ್ಯಾಪ್‌ಟಾಪುಗಳು ಆ ಪಟ್ಟಿಯಲ್ಲಿಲ್ಲ.